ಎಲ್ಲರಿಗಿಂತ ಮೊದಲು ಹತ್ತುವವನು

ಸೇತುವೆಗೆ ಬಣ್ಣ ಬಳಿಯುವ ತಂಡದಲ್ಲಿ ಮೇಸ್ತ್ರಿಗೆ ಹೆದರದವರು ಯಾರೂ ಇರಲಿಲ್ಲ. ಮೇಸ್ತ್ರಿ ಮಾತ್ರ ಈ ಭೂಮಿಯ ಮೇಲೆ ಯಾವುದಕ್ಕೂ ಹೆದರುವವನಲ್ಲ ಎಂದು ಎಲ್ಲರೂ ನಂಬಿದ್ದರು.

ಅದು ಅಗಲವಾದ ನದಿಗೆ ಅಡ್ಡಲಾಗಿ ನಿಂತ ಹಳೆಯ ಕಬ್ಬಿಣದ ಸೇತುವೆ. ಮಧ್ಯದಲ್ಲಿ ಬಸ್ಸು, ಲಾರಿ ಓಡುವ ರಸ್ತೆ, ಅದರ ಎರಡೂ ಪಕ್ಕಕ್ಕೆ ಆಕಾಶಕ್ಕೆ ಬೆನ್ನು ಬಾಗಿಸಿ ನಿಂತ ದೊಡ್ಡ ಕಮಾನುಗಳು. ಒಂದು ತುದಿಯಿಂದ ತುಕ್ಕು ಕೆರೆದು, ಕೆಂಪು ಪ್ರೈಮರ್ ಹೊಡೆದು, ಮೇಲೆ ಬೂದು ಬಣ್ಣ ಬಳಿಯುತ್ತ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲಿನ ತುದಿಗೆ ಮತ್ತೆ ತುಕ್ಕು ಹತ್ತಿರುತ್ತಿತ್ತು. "ನಮ್ಮ ಕೆಲಸ ಯಾರೂ ಕಿತ್ಕೊಳ್ಳೋ ಹಾಗಿಲ್ಲ ಕಣ್ರೋ, ತುಕ್ಕು ಇರೋವರೆಗೂ ನಮಗೆ ಊಟ ಇದೆ" ಎಂದು ಗಿಣಿ ಹೇಳುತ್ತಿದ್ದ. ಗಿಣಿ ಎಂದರೆ ಮೇಸ್ತ್ರಿಯ ಹೆಂಡತಿಯ ತಮ್ಮ. ಬ್ರಷ್ಷು ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲವಾದ್ದರಿಂದ ಅವನಿಗೆ ಆ ಹೆಸರು ಬಿದ್ದಿತ್ತು. ಭಾವನ ಕೈಕೆಳಗೆ ಕೆಲಸ ಮಾಡುತ್ತಿದ್ದರೂ ಭಾವನನ್ನು ತಮಾಷೆ ಮಾಡುವ ಧೈರ್ಯ ತಂಡದಲ್ಲಿ ಅವನೊಬ್ಬನಿಗೇ ಇತ್ತು.

ದಿನಾ ಬೆಳಿಗ್ಗೆ ಕಮಾನಿನ ಏಣಿಯನ್ನು ಮೊದಲು ಹತ್ತುತ್ತಿದ್ದವನು ಮೇಸ್ತ್ರಿಯೇ. ಗಾಳಿಯಿದ್ದರೂ ಅಷ್ಟೇ, ಇಬ್ಬನಿಯಲ್ಲಿ ಕಬ್ಬಿಣ ಒದ್ದೆಯಾಗಿದ್ದರೂ ಅಷ್ಟೇ. ಒಮ್ಮೆ ಬಿರುಗಾಳಿಯ ದಿನ ಗುತ್ತಿಗೆದಾರನೊಬ್ಬ ಹುಡುಗರನ್ನು ಬಲವಂತದಿಂದ ಮೇಲೆ ಕಳಿಸಲು ನೋಡಿದಾಗ ಮೇಸ್ತ್ರಿ ಏಣಿಯ ಬುಡದಲ್ಲಿ ಅಡ್ಡಡ್ಡ ಮಲಗಿಬಿಟ್ಟಿದ್ದ. "ಕಳಿಸಿ. ನನ್ನ ಎದೆ ಮೇಲೆ ಕಾಲಿಟ್ಟು ಹತ್ತಲಿ" ಎಂದಿದ್ದ. ಗುತ್ತಿಗೆದಾರ ಬಾಲ ಮುದುರಿಕೊಂಡು ಹೋಗಿದ್ದ. ಮೇಸ್ತ್ರಿಯ ಕಾಲದಲ್ಲಿ ಆ ಸೇತುವೆಯಿಂದ ಒಬ್ಬನೂ ಬಿದ್ದಿರಲಿಲ್ಲ. ಬೇರೆ ಸೇತುವೆಗಳಲ್ಲಿ ಕೆಲಸಗಾರರು ಸೊಂಟದ ಬೆಲ್ಟಿಗೆ ಒಂದೇ ಹಗ್ಗ ಕಟ್ಟಿಕೊಂಡರೆ, ಇಲ್ಲಿ ಎರಡು ಕಟ್ಟಿಕೊಳ್ಳಬೇಕಿತ್ತು. ಎರಡನೆಯದನ್ನು ಬೇರೆಯದೇ ತೊಲೆಗೆ ಬಿಗಿಯಬೇಕಿತ್ತು. "ಒಂದಕ್ಕೆ ಆಯಸ್ಸು ಮುಗಿದ್ರೆ ಇನ್ನೊಂದು ಇರಲಿ" ಎನ್ನುವುದು ಅವನ ಕಾನೂನು. ಇದಕ್ಕಾಗಿ ಬೇರೆ ತಂಡದವರು ನಗುತ್ತಿದ್ದರು. ನಕ್ಕವರ ಜೊತೆಗೆಲ್ಲ ಅವನು ಕಾಲು ಕೆರೆದು ಜಗಳಕ್ಕೆ ನಿಂತಿದ್ದ.

ಜಗಳ ಎಂದ ಮೇಲೆ ಹೇಳಲೇಬೇಕು. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೊಸಬರು ಯಾರೇ ಬರಲಿ, ಇವನೇನೋ ಮಸಲತ್ತು ಮಾಡಲು ಬಂದಿದ್ದಾನೆ ಎಂದೇ ಲೆಕ್ಕ. ಯಾರಾದರೂ ಸಿಹಿಯಾಗಿ ಮಾತಾಡಿದರೆ ಅನುಮಾನ, ಮಾತಾಡದಿದ್ದರೆ ಇನ್ನೂ ದೊಡ್ಡ ಅನುಮಾನ. ಹೊಸ ಬಣ್ಣದ ಡಬ್ಬ ಬಂದರೆ ಬೆರಳಿಗೆ ಹಚ್ಚಿ, ಮೂಸಿ, ಬಿಸಿಲಿಗೆ ಹಿಡಿದು, "ಇದರಲ್ಲಿ ಏನೋ ಕಲಬೆರಕೆ ಇದೆ" ಎನ್ನುತ್ತಿದ್ದ. ಹತ್ತು ಸಲದಲ್ಲಿ ಒಂದು ಸಲ ಅವನು ಹೇಳಿದ್ದು ನಿಜವಾಗುತ್ತಿತ್ತು. ಆ ಒಂದು ಸಲವನ್ನು ಅವನು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದ.

ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಮೇಸ್ತ್ರಿಯ ಹೊಟ್ಟೆಯೊಳಗೆಲ್ಲ ಕಲಸಿದಂತಾಗುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಹಾಗಾಗಿತ್ತು, ಇಷ್ಟು ವರ್ಷಗಳಾದ ಮೇಲೂ ಹಾಗೇ ಆಗುತ್ತಿತ್ತು. ಕೆಳಗೆ ನಿಂತು ತನ್ನ ಸರದಿಗೆ ಕಾಯುವುದು ಅವನಿಂದ ಆಗುತ್ತಿರಲಿಲ್ಲ. ಕಾಯುತ್ತ ನಿಂತರೆ ಆ ಕಲಸು ಎದೆಗೆ ಏರುತ್ತದೆ, ಆಮೇಲೆ ಕಾಲು ಏಳುವುದಿಲ್ಲ. ಅದಕ್ಕೇ ಎಲ್ಲರಿಗಿಂತ ಮೊದಲು ಹತ್ತಿಬಿಡುತ್ತಿದ್ದ. ಇದಕ್ಕೆ ಭಯ ಎಂಬ ಹೆಸರಿದೆ ಎಂದು ಅವನು ತನಗೆ ತಾನೇ ಒಮ್ಮೆಯೂ ಹೇಳಿಕೊಂಡಿರಲಿಲ್ಲ. ಪಿತ್ತ ಎಂದುಕೊಂಡಿದ್ದ. ಹೆಂಡತಿ ಹತ್ತಾರು ವರ್ಷಗಳಿಂದ ನಿಂಬೆಹಣ್ಣಿನ ಪಾನಕ ಮಾಡಿಕೊಡುತ್ತಿದ್ದಳು. ಅದು ಪಿತ್ತವಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಂಡಿರಲಿಲ್ಲ.

ಎರಡು ವರ್ಷದ ಹಿಂದೆ ಮಗಳೂ ಅದೇ ತಂಡಕ್ಕೆ ಬಂದಳು. ಎತ್ತರದಲ್ಲಿ ಸಿಕ್ಕಿಕೊಂಡವರನ್ನು ಹಗ್ಗದಿಂದ ಇಳಿಸುವ ತರಬೇತಿ ಪಡೆದು, ಅಗ್ನಿಶಾಮಕದವರ ಜೊತೆ ಸ್ವಲ್ಪ ಕಾಲ ಕೆಲಸ ಮಾಡಿ, ಹಗ್ಗಗಳ ಉಸ್ತುವಾರಿಗೆಂದು ನೇಮಕವಾಗಿದ್ದಳು. ಅಪ್ಪ ಬೇಡವೆಂದು ಮನೆಯನ್ನು ತಲೆಯ ಮೇಲೆ ಹೊತ್ತಿದ್ದ. ಅವಳು ಅಪ್ಪನ ಮಗಳೇ ಆದ್ದರಿಂದ ಅವನ ಕೂಗಾಟ ಮುಗಿಯುವವರೆಗೆ ಊಟ ಮಾಡಿ, ತಟ್ಟೆ ತೊಳೆದಿಟ್ಟು, ಮರುದಿನ ಕೆಲಸಕ್ಕೆ ಹಾಜರಾಗಿದ್ದಳು. ಅಂದಿನಿಂದ ಅವಳು ಕಟ್ಟಿದ ಪ್ರತಿಯೊಂದು ಗಂಟನ್ನೂ ಮೇಸ್ತ್ರಿ ಬಿಚ್ಚಿ, ತಾನೇ ಮತ್ತೆ ಕಟ್ಟುತ್ತಿದ್ದ. ಎಲ್ಲರ ಎದುರಿಗೇ.

"ಅಪ್ಪ, ಒಂದೇ ಒಂದು ಗಂಟಾದ್ರೂ ತಪ್ಪಿದ್ದು ನೋಡಿದ್ದೀಯಾ?" ಎಂದು ಒಮ್ಮೆ ಕೇಳಿದ್ದಳು.

"ತಪ್ಪಿದ್ದು ನೋಡೋವರೆಗೂ ಕಾಯಬೇಕಾ?" ಎಂದಿದ್ದ ಅವನು.

ಅವಳು ಆಮೇಲೆ ಕೇಳಲಿಲ್ಲ. ಆದರೆ ಅವನು ಗಂಟು ಬಿಚ್ಚುವಾಗ ಮುಖ ತಿರುಗಿಸಿ ನದಿ ನೋಡುತ್ತ ನಿಲ್ಲುತ್ತಿದ್ದಳು.

ಹೀಗಿರುವಾಗ ಕಚೇರಿಯವರಿಗೆ ಎಲ್ಲ ನೌಕರರಿಗೂ ವ್ಯಕ್ತಿತ್ವದ ತರಬೇತಿ ಕೊಡಿಸಬೇಕೆಂಬ ಹುರುಪು ಬಂತು. ಬಣ್ಣದ ತಂಡವನ್ನೂ ಕೈಕಾಲು ತೊಳೆಸಿ ಸಭಾಂಗಣದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿದರು. ದಪ್ಪ ಕನ್ನಡಕದ ಮೇಡಂ ಒಬ್ಬರು ಬಂದು ಎನಿಯಾಗ್ರಾಮ್ ಎಂಬುದರ ಬಗ್ಗೆ ಹೇಳತೊಡಗಿದರು. ಮನುಷ್ಯರ ಸ್ವಭಾವದಲ್ಲಿ ಒಂಬತ್ತು ಬಗೆ, ಒಂದೊಂದು ಬಗೆಯಲ್ಲೂ ಮೂರು ಮೂರು ಉಪಬಗೆ.

"ಒಂಬತ್ತ್ ಮೂರ್ಲಿ ಇಪ್ಪತ್ತೇಳು" ಎಂದು ಗಿಣಿ ಪಿಸುಗುಟ್ಟಿದ. "ನಮ್ಮ ತಂಡದಲ್ಲಿ ಅಷ್ಟು ಜನಾನೇ ಇಲ್ವಲ್ಲ."

ಮೇಡಂ ಆರನೆಯ ಬಗೆಗೆ ಬಂದರು. "ಇವರ ಒಳಗೆ ಯಾವಾಗಲೂ ಇರೋದು ಭಯ. ಆದರೆ ಅದನ್ನ ಮೂರು ಜನ ಮೂರು ಥರ ನಿಭಾಯಿಸ್ತಾರೆ. ಒಬ್ಬರು ಬೆಚ್ಚಗಿನ ಸ್ನೇಹ ಹುಡುಕಿ ಅದರೊಳಗೆ ಸೇರ್ಕೋತಾರೆ. ಇನ್ನೊಬ್ಬರು ನಿಯಮ, ಕರ್ತವ್ಯ ಅಂತ ಅದನ್ನೇ ಗಟ್ಟಿಯಾಗಿ ಹಿಡ್ಕೋತಾರೆ. ಮೂರನೆಯವರು ಇದ್ದಾರಲ್ಲ, ಅವರು ವಿಚಿತ್ರ. ಭಯ ಎಲ್ಲಿದೆಯೋ ಅಲ್ಲಿಗೇ ನುಗ್ತಾರೆ. ನೋಡೋರಿಗೆ ಹುಲಿ. ಒಳಗೆ ಎದೆ ಡವಡವ."

ಮೇಸ್ತ್ರಿಯ ಕುರ್ಚಿ ಕಿರುಗುಟ್ಟಿತು.

"ಇಂಥವರ ಬಲ ದೊಡ್ಡದು," ಮೇಡಂ ಮುಂದುವರಿಸಿದರು. "ಅಪಾಯದ ವಾಸನೆ ಎಲ್ಲರಿಗಿಂತ ಮೊದಲು ಇವರಿಗೇ ಬರೋದು. ತಮ್ಮವರಿಗೋಸ್ಕರ ಯಾರ ಎದುರಿಗಾದ್ರೂ ನಿಲ್ತಾರೆ, ಬಗ್ಗಲ್ಲ. ದೌರ್ಬಲ್ಯ ಅಂದ್ರೆ ಯಾರನ್ನೂ ನಂಬೋಕಾಗಲ್ಲ. ಒಳ್ಳೇದು ಮಾಡೋಕೆ ಬಂದವರನ್ನೂ ಪರೀಕ್ಷೆ ಮಾಡ್ತಾರೆ. ಏಟು ಬೀಳೋಕೆ ಮುಂಚೆ ತಾವೇ ಕೈ ಎತ್ತಿಬಿಡ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ತಮಗೆ ಭಯ ಇದೆ ಅನ್ನೋದೇ ತಮಗೆ ಗೊತ್ತಿರಲ್ಲ."

ಮೇಸ್ತ್ರಿ ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಮಗುಚಿತು. "ಏನಮ್ಮಾ! ನನ್ನನ್ನ ಹೆದರುಪುಕ್ಕಲ ಅಂತ ಕರೀತೀರಾ? ಬನ್ನಿ ನಾಳೆ ಕಮಾನಿನ ಮೇಲೆ, ಯಾರ ಎದೆ ಡವಡವ ಅನ್ನುತ್ತೆ ನೋಡೇಬಿಡೋಣ!"

ಮೇಡಂ ಕನ್ನಡಕ ಸರಿಮಾಡಿಕೊಂಡು, "ನಾನು ಯಾರ ಹೆಸರೂ ಹೇಳಲಿಲ್ವಲ್ಲ ಸಾರ್" ಎಂದರು.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಗಿಣಿಯಂತೂ ಮುಂದಿನ ಕುರ್ಚಿಗೆ ಹಣೆ ಚಚ್ಚಿಕೊಂಡು ನಗುತ್ತಿದ್ದ. ನಗದೆ ಕೂತಿದ್ದವಳು ಮಗಳೊಬ್ಬಳೇ.

ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಮೇಸ್ತ್ರಿ ಆ ಮೇಡಂಗೆ ಬೈಯುತ್ತಲೇ ಇದ್ದ. ಮಗಳು ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ ಹೇಳಿದಳು: "ಅಪ್ಪ, ಬೆಳಿಗ್ಗೆ ಏಣಿ ಹತ್ತೋಕೆ ಮುಂಚೆ ನಿನ್ನ ಕೈ ಐಸ್ ಥರ ಇರುತ್ತೆ. ಚಿಕ್ಕವಳಿದ್ದಾಗ ನೀನು ಕೆಲಸಕ್ಕೆ ಹೊರಡುವಾಗ ಕೈ ಹಿಡ್ಕೋತಿದ್ದೆನಲ್ಲ, ಆಗ್ಲಿಂದ ಗೊತ್ತು."

"ನನ್ನ ಮೈಯೇ ತಂಪು ಕಣೇ. ಹುಟ್ಟಿದಾಗ್ಲಿಂದ."

"ಸರಿ ಬಿಡು" ಎಂದಳು ಮಗಳು.

ಮುಂದಿನ ವಾರ ಎಂಜಿನಿಯರ್ ಹೊಸ ಸಾಮಾನು ತರಿಸಿದ. ಎಂಜಿನಿಯರ್ ಆ ಸೇತುವೆಗೆ ಬಂದು ಇನ್ನೂ ನಾಲ್ಕೇ ತಿಂಗಳಾಗಿತ್ತು. ಮೆದು ಮಾತಿನವನು, ಕೆಲಸ ಬಲ್ಲವನು. ಬಣ್ಣ ಬಳಿಯುವವರು ನಿಲ್ಲುವ ತೂಗುಹಲಗೆಗೆ ಆ ತಂಡದಲ್ಲಿ ತೊಟ್ಟಿಲು ಎನ್ನುತ್ತಿದ್ದರು. ತೊಟ್ಟಿಲನ್ನು ಎರಡು ಕಡೆ ಉಕ್ಕಿನ ತಂತಿಹಗ್ಗದಿಂದ ಕಮಾನಿನ ತೊಲೆಗೆ ನೇತುಹಾಕಿ, ತೊಲೆಯ ಹತ್ತಿರ ತಂತಿಯನ್ನು ಕಚ್ಚಿಹಿಡಿಯುವ ಕ್ಲಾಂಪಿನಿಂದ ಬಿಗಿಯುತ್ತಾರೆ. ಹಳೆಯ ಕ್ಲಾಂಪುಗಳ ಹಲ್ಲು ಸವೆದಿವೆ ಎಂದು ಎಂಜಿನಿಯರ್ ಹೊಸವನ್ನು ತರಿಸಿದ್ದ.

ಮೇಸ್ತ್ರಿ ಒಂದನ್ನು ಕೈಗೆತ್ತಿಕೊಂಡು ತೂಗಿ ನೋಡಿದ. "ಹಗುರ ಇದೆ."

"ಹೊಸ ಉಕ್ಕು, ಹಗುರಾನೇ ಇರುತ್ತೆ. ನಾನೇ ಭಾರ ಹಾಕಿ ಪರೀಕ್ಷೆ ಮಾಡಿಸಿದ್ದೀನಿ ಮೇಸ್ತ್ರಿಗಳೇ. ಬೇಕಿದ್ರೆ ನಿಮ್ಮೆದುರಿಗೇ ಇನ್ನೊಂದು ಸಲ ಮಾಡೋಣ."

"ನಿಮಗ್ಯಾಕೆ ಇಷ್ಟು ಅವಸರ? ಇದನ್ನ ಮಾರಿದವನು ನಿಮಗೆ ನೆಂಟನಾ?"

ಎಂಜಿನಿಯರನ ಮುಖ ಕೆಂಪಾಯಿತು. ಮಗಳು ನಡುವೆ ಬಂದಳು. "ಅಪ್ಪ, ನಾನೂ ನೋಡಿದ್ದೀನಿ. ಚೆನ್ನಾಗಿದೆ. ಹಳೇದು ನಿಜವಾಗ್ಲೂ ಸವೆದಿದೆ."

"ನೀನೂ ಅವರ ಕಡೆಗೆ ಸೇರಿಕೊಂಡ್ಯಾ?" ಎಂದ ಮೇಸ್ತ್ರಿ. ತಂಡವೆಲ್ಲ ನೋಡುತ್ತಿತ್ತು. ಅವಳು ತುಟಿ ಕಚ್ಚಿಕೊಂಡು, ಹೊಸ ಕ್ಲಾಂಪುಗಳ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ತನ್ನ ಹಗ್ಗಗಳ ಪಕ್ಕ ಇಟ್ಟಳು.

ಆ ಬೆಳಿಗ್ಗೆ ಮೇಸ್ತ್ರಿ ಹಳೆಯ ಕ್ಲಾಂಪುಗಳಿಂದಲೇ ತೊಟ್ಟಿಲು ಬಿಗಿದ. ಎಂದಿನಂತೆ ಮೂರು ಮೂರು ಸಲ ಮುಟ್ಟಿ ನೋಡಿದ. ಕೈ ಮಾತ್ರ ನೋಡುತ್ತಿತ್ತು. ಕಣ್ಣು ಕೆಳಗೆ ರಸ್ತೆಯಲ್ಲಿ ನಿಂತ ಎಂಜಿನಿಯರನ ಮೇಲಿತ್ತು. ಅವನು ಯಾರ ಹತ್ತಿರ ಮಾತಾಡುತ್ತಿದ್ದಾನೆ, ಯಾಕೆ ನಗುತ್ತಿದ್ದಾನೆ, ನನ್ನನ್ನು ಇಲ್ಲಿಂದ ಎಬ್ಬಿಸುವ ಹೂಟ ಹೂಡಿದ್ದಾನೆಯೇ ಎಂದೆಲ್ಲ ಮನಸ್ಸು ಕುದಿಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಕಬ್ಬಿಣದ ಮೇಲೆ ಇಡಬೇಕಾದ ಕಣ್ಣನ್ನು ಅವನು ಮನುಷ್ಯನ ಮೇಲೆ ಇಟ್ಟಿದ್ದ. ಎಡಗಡೆಯ ಕ್ಲಾಂಪಿನ ಬಾಯಿ ಕೂದಲೆಳೆಯಷ್ಟು ತೆರೆದಿದ್ದು ಅವನಿಗೆ ಕಾಣಲಿಲ್ಲ.

ಗಿಣಿ ಮತ್ತು ಮೇಸ್ತ್ರಿ ತೊಟ್ಟಿಲಿಗೆ ಇಳಿದರು. ಕಮಾನಿನ ಹೊರಮೈ, ಕೆಳಗೆ ಬರೀ ನೀರು. ಗಿಣಿ ತುಕ್ಕು ಕೆರೆಯುತ್ತ, "ಭಾವ, ಆ ಮೇಡಂ ನಮ್ಮಕ್ಕನಿಗೂ ಒಂದು ನಂಬರ್ ಕೊಡಬೇಕಿತ್ತು. ನಿಮ್ಮ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಹತ್ತನೇ ನಂಬರು, ಸ್ಪೆಷಲ್ಲಾಗಿ…" ಎನ್ನುತ್ತಿದ್ದ. ಮಾತು ಮುಗಿಯಲಿಲ್ಲ. ಎಡಗಡೆಯ ತಂತಿ ಜರ್ರೆಂದು ಜಾರಿತು. ತೊಟ್ಟಿಲು ಒಂದು ಬದಿಗೆ ಕುಸಿದು, ಗೋಡೆಯ ಗಡಿಯಾರದ ಲೋಲಕದಂತೆ ತೂಗಿ, ಕಮಾನಿಗೆ ಧಡ್ಡನೆ ಬಡಿಯಿತು. ಬಣ್ಣದ ಡಬ್ಬಗಳು ನದಿಗೆ ಬಿದ್ದವು. ಅವುಗಳ ಹಿಂದೆಯೇ ಗಿಣಿಯೂ ಜಾರಿದ.

ಅವನ ಮೊದಲ ಹಗ್ಗ ತೊಟ್ಟಿಲಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಯಿತು. ಎರಡನೆಯದು ಬಿಗಿಯಿತು. ಹೌದು, ಬೇರೆ ತೊಲೆಗೆ ಕಟ್ಟಿದ್ದ, ಬೇರೆ ಸೇತುವೆಯವರೆಲ್ಲ ನಗುತ್ತಿದ್ದ ಆ ಎರಡನೆಯ ಹಗ್ಗ. ಅದರ ತುದಿಯಲ್ಲಿ ಗಿಣಿ ನೀರಿನ ಮೇಲೆ ನೇತಾಡುತ್ತಿದ್ದ.

ಮೇಸ್ತ್ರಿ ತೊಟ್ಟಿಲಿನ ಕಂಬಿಗೂ ಕಮಾನಿಗೂ ನಡುವೆ ಸಿಕ್ಕಿಕೊಂಡಿದ್ದ. ಎಡಭುಜ ಕೀಲು ತಪ್ಪಿತ್ತು. ನೋವು ಕಣ್ಣಿಗೆ ಕತ್ತಲೆ ತರುತ್ತಿತ್ತು. ಆದರೂ ಅವನ ಬಾಯಿಂದ ಹೊರಟ ಮೊದಲ ಮಾತು ತಂಡಕ್ಕೆ ಕೊಟ್ಟ ಅಪ್ಪಣೆ: "ಮೇಲಿರೋರು ಯಾರೂ ಓಡಬೇಡಿ! ತೊಲೆ ಅಲುಗಬಾರದು! ರಸ್ತೆ ಮೇಲೆ ಲಾರಿ ನಿಲ್ಲಿಸಿ!" ಆ ದನಿಗೆ ತಂಡ ಅಲ್ಲಲ್ಲೇ ನಿಂತಿತು, ರಸ್ತೆಯೂ ನಿಂತಿತು.

ಆಮೇಲೆ ಕೆಳಗೆ ನೋಡಿದ. ಗಿಣಿ ಕಣ್ಣು ಮುಚ್ಚಿಕೊಂಡು ಸುಮ್ಮನೆ ತೂಗುತ್ತಿದ್ದ. ಅವನು ಸುಮ್ಮನಿದ್ದುದೇ ಮೇಸ್ತ್ರಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿತು.

"ಲೋ! ಮಾತಾಡೋ!"

"ಭಾವ… ಏನ್ ಮಾತಾಡ್ಲಿ?"

"ದಿನಾ ಬೇಡ ಅಂದ್ರೂ ಮಾತಾಡ್ತಿದ್ದೆ, ಈಗೇನು ಬಂತು ರೋಗ? ನಿಮ್ಮಕ್ಕನಿಗೆ ಹತ್ತನೇ ನಂಬರು ಅಂದ್ಯಲ್ಲ, ನಿನಗೆ ಎಷ್ಟನೇದು ಹೇಳು!"

ಗಿಣಿ ಅಳುದನಿಯಲ್ಲೇ, "ನನಗೆ ಯಾವ ನಂಬರೂ ಬೇಡ ಭಾವ, ನೆಲ ಬೇಕು" ಎಂದ. ಅಷ್ಟು ಹೇಳಿದ್ದೇ ಅವನಿಗೆ ಉಸಿರು ಬಂದಂತಾಯಿತು. ಕೈ ಎತ್ತಿ ಹಗ್ಗ ಹಿಡಿದುಕೊಂಡ.

ಅಷ್ಟರಲ್ಲಿ ಮೇಲೆ ಮಗಳ ದನಿ ಕೇಳಿಸಿತು. ಕೂಗಾಟವಿಲ್ಲ, ಗಾಬರಿಯಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾವ ಹಗ್ಗ ಯಾರ ಕೈಯಲ್ಲಿರಬೇಕು ಎಂದು ಒಂದೊಂದಾಗಿ ಹೇಳುತ್ತಿದ್ದಳು. ಎಂಜಿನಿಯರ್ ತೊಲೆಯ ಮೇಲೆ ಹೊಟ್ಟೆಯೂರಿ ಮಲಗಿ, ಹೊಸ ಕ್ಲಾಂಪುಗಳನ್ನು ತಾನೇ ಬಿಗಿಯುತ್ತಿದ್ದ. ಅವನ ಬಿಳಿಯ ಅಂಗಿಯೆಲ್ಲ ಕೆಂಪು ಪ್ರೈಮರ್ ಆಗಿತ್ತು. ಆ ಕ್ಲಾಂಪುಗಳಿಂದ ಹೊರಟ ಹೊಸ ಹಗ್ಗದ ಮೇಲೆ ಮಗಳು ಇಳಿದು ಬಂದಳು. ಅಪ್ಪನ ಪಕ್ಕದಲ್ಲೇ ಹಾದು, ಅವನ ಮುಖವನ್ನು ಒಮ್ಮೆ ನೋಡಿ, "ಮಾಮನ್ನ ಮೊದಲು ಕಳಿಸ್ತೀನಿ" ಎಂದಳು.

"ಅವನೇ ಮೊದಲು. ಹೋಗು" ಎಂದ ಮೇಸ್ತ್ರಿ.

ಅವಳು ಗಿಣಿಯನ್ನು ತನ್ನ ಹಗ್ಗಕ್ಕೆ ಸಿಕ್ಕಿಸಿಕೊಂಡು ರಸ್ತೆಯ ಮಟ್ಟಕ್ಕೆ ಇಳಿಸಿದಳು. ಅಂಚಿನ ಕಟಕಟೆಯ ಬಳಿ ನಿಂತಿದ್ದ ಹತ್ತು ಕೈಗಳು ಅವನನ್ನು ಒಳಗೆಳೆದುಕೊಂಡವು. ಅವಳು ಮತ್ತೆ ಮೇಲೆ ಬಂದಳು.

ಈಗ ಮೇಸ್ತ್ರಿಯ ಸರದಿ. ಅವನ ಎರಡೂ ಹಗ್ಗಗಳು ಕುಸಿದ ತೊಟ್ಟಿಲಿನ ಕೆಳಗೆ ಸಿಕ್ಕಿಬಿದ್ದಿದ್ದವು. ಅವನು ಹೊರಬರಬೇಕಾದರೆ ಮಗಳು ಅವನ ಬೆನ್ನಿಗೆ ಹೊಸ ಹಗ್ಗ ಕಟ್ಟಬೇಕು, ಆಮೇಲೆ ಹಳೆಯ ಎರಡೂ ಹಗ್ಗಗಳ ಕೊಕ್ಕೆಗಳನ್ನು ಅವನು ತನ್ನ ಕೈಯಿಂದಲೇ ಬಿಚ್ಚಿಕೊಳ್ಳಬೇಕು. ಕೊಕ್ಕೆಗಳಿದ್ದ ಜಾಗ ಅವನ ಬಲಗೈಗೆ ಮಾತ್ರ ಎಟುಕುತ್ತಿತ್ತು. ಬಿಚ್ಚಿದ ಮೇಲೆ ಅವನಿಗೂ ನದಿಗೂ ನಡುವೆ ಉಳಿಯುವುದು ಮಗಳ ಒಂದು ಗಂಟು.

ಅವಳು ಅವನ ಬೆನ್ನ ಹಿಂದೆ ಕಟ್ಟುತ್ತಿದ್ದಳು. ಹಗ್ಗ ಸರಿಯುವ ಸದ್ದು, ಬಿಗಿಯುವ ಸದ್ದು ಕೇಳುತ್ತಿತ್ತು. ಅವನು ಕತ್ತು ತಿರುಗಿಸಲು ನೋಡಿದ, ಭುಜ ಬಿಡಲಿಲ್ಲ. ಕೈಯಿಂದ ಮುಟ್ಟಿ ನೋಡಲು ಹವಣಿಸಿದ, ಎಟುಕಲಿಲ್ಲ.

"ಆಯ್ತು. ಬಿಚ್ಚು ಅಪ್ಪ."

ಅವನ ಬಲಗೈ ಕೊಕ್ಕೆಯ ಮೇಲೆ ಹೋಗಿ ನಿಂತಿತು. ಅಲ್ಲೇ ನಿಂತುಬಿಟ್ಟಿತು. ಹೊಟ್ಟೆಯೊಳಗಿನ ಕಲಸು ಎದೆಗೆ ಏರಿತು. ಯಾವತ್ತೂ ಹೀಗಾದಾಗ ಅವನು ಮುಂದಕ್ಕೆ ನುಗ್ಗುತ್ತಿದ್ದ, ಇಲ್ಲವೇ ಯಾರ ಮೇಲಾದರೂ ಎಗರುತ್ತಿದ್ದ. ಇಲ್ಲಿ ನುಗ್ಗಲು ಜಾಗವಿರಲಿಲ್ಲ. ಎಗರಲು ಎದುರಿಗೆ ಯಾರೂ ಇರಲಿಲ್ಲ. ಹಿಂದೆ ಮಗಳಿದ್ದಳು.

"ಅಪ್ಪ?"

"ಕೈ ಬರ್ತಿಲ್ಲ ಕಣೇ."

"ನೋವಾ?"

ಅವನು ಕಣ್ಣು ತಗ್ಗಿಸಿದ. ಕೆಳಗೆ ನೀರು ಹರಿಯುತ್ತಿತ್ತು. "ನೋವಲ್ಲ. ಭಯ" ಎಂದ. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವನಿಗೇ ಬೆರಗಾಯಿತು. ಒಮ್ಮೆ ಹೊರಬಿದ್ದ ಮೇಲೆ ಉಳಿದದ್ದೂ ಬಂತು. "ನನಗೆ ತುಂಬ ಭಯ ಆಗ್ತಿದೆ ಮಗಳೇ. ದಿನಾ ಆಗುತ್ತೆ."

"ಗೊತ್ತು ಅಪ್ಪ. ನನಗೂ ಆಗ್ತಿದೆ. ನೋಡು, ನನ್ನ ಕೈಯೂ ತಣ್ಣಗಿದೆ." ಅವಳು ಅವನ ಕತ್ತಿನ ಮೇಲೆ ಅಂಗೈ ಇಟ್ಟಳು. ನಿಜಕ್ಕೂ ತಣ್ಣಗಿತ್ತು. "ಅದಕ್ಕೇ ನಾನು ಗಂಟನ್ನ ನಾಲ್ಕು ಸಲ ನೋಡ್ತೀನಿ. ನೀನು ಮೂರೇ ಸಲ ನೋಡೋದು."

ಮೇಸ್ತ್ರಿಗೆ ಆ ನೋವಿನಲ್ಲೂ ನಗು ಬಂತು. ತನ್ನನ್ನೂ ಮೀರಿಸಿದವಳೊಬ್ಬಳು ಮನೆಯಲ್ಲೇ ಬೆಳೆದಿದ್ದಳು. ತಾನು ಎರಡು ವರ್ಷ ಅವಳ ಗಂಟುಗಳನ್ನು ಬಿಚ್ಚಿ ಹಾಕಿದ್ದ. ಅವನು ಮೊದಲ ಕೊಕ್ಕೆ ಬಿಚ್ಚಿದ. ಎರಡನೆಯದನ್ನೂ ಬಿಚ್ಚಿದ. ಮೈ ಗಾಳಿಗೆ ಹೋಯಿತು, ಒಂದು ಕ್ಷಣ ಏನೂ ಇರಲಿಲ್ಲ, ಆಮೇಲೆ ಬೆನ್ನ ಹಿಂದಿನ ಗಂಟು ಅವನ ಪೂರ್ತಿ ಭಾರವನ್ನು ಹಿಡಿದು ನಿಲ್ಲಿಸಿತು. ಗಂಟು ಮಿಸುಕಲಿಲ್ಲ.

ರಸ್ತೆಗೆ ಇಳಿದಾಗ ತಂಡವೆಲ್ಲ ಸುತ್ತ ನೆರೆದಿತ್ತು. ಗಿಣಿ ಮಗುವಿನಂತೆ ಅಳುತ್ತ ಭಾವನ ಕಾಲು ಹಿಡಿಯಲು ಬಂದ. "ಆ ಎರಡನೇ ಹಗ್ಗ ಇಲ್ದಿದ್ರೆ ನಾನು ಮೀನಿನ ಪಾಲು ಭಾವ" ಎಂದ. ಯಾರೋ ಮೇಸ್ತ್ರಿಗೆ ಜೈ ಎಂದರು. ಮೇಸ್ತ್ರಿ ಬಲಗೈ ಎತ್ತಿ ತಡೆದ.

"ಜೈ ಆಮೇಲೆ. ಮೊದಲು ಕೇಳಿ. ಎಡಗಡೆ ಕ್ಲಾಂಪು ನಾನು ಬಿಗಿದಿದ್ದು. ಸವೆದಿದೆ ಅಂತ ಇಬ್ಬರು ಹೇಳಿದ್ರು, ಕೇಳಲಿಲ್ಲ. ಈ ಎಂಜಿನಿಯರ್ ಸಾಹೇಬರ ಮೇಲೆ ಇಲ್ಲದ್ದು ಹೇಳಿದೆ. ತಪ್ಪು ನನ್ನದು." ಇಷ್ಟು ಹೇಳುವಾಗ ಅವನ ದನಿ ಎಂದಿನಷ್ಟೇ ಜೋರಾಗಿತ್ತು, ಯಾರನ್ನೋ ಬೈಯುತ್ತಿರುವಂತೆಯೇ ಇತ್ತು. ಆಮೇಲೆ ಮಗಳ ಕಡೆ ತಿರುಗಿದ. ಅವಳು ಹಗ್ಗ ಸುತ್ತುತ್ತಿದ್ದಳು. "ಇನ್ಮೇಲೆ ಇವಳು ಕಟ್ಟಿದ ಗಂಟನ್ನ ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ."

"ನೀವೇ ಅಲ್ವಾ ಭಾವ ಮುಟ್ಟುತ್ತಿದ್ದಿದ್ದು?" ಎಂದ ಗಿಣಿ, ಕಣ್ಣೀರು ಒರೆಸಿಕೊಳ್ಳುತ್ತ. ಅವನ ನಾಲಿಗೆ ಮನೆಗೆ ಮರಳಿತ್ತು.

ಭುಜ ಕೂಡಿಕೊಳ್ಳುವವರೆಗೆ ಮೇಸ್ತ್ರಿ ಹತ್ತುವಂತಿರಲಿಲ್ಲ. ಮನೆಯಲ್ಲಿ ಕೂರಲಾರದೆ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಸೇತುವೆಗೇ ಬರುತ್ತಿದ್ದ. ಬೆಳಿಗ್ಗೆ ಮಗಳು ಎಲ್ಲರಿಗಿಂತ ಮೊದಲು ಏಣಿ ಹತ್ತುವುದನ್ನು ಕೆಳಗೆ ನಿಂತು ನೋಡುತ್ತಿದ್ದ. ಹತ್ತುವುದಕ್ಕಿಂತ ಇದು ಎಷ್ಟೋ ಕಷ್ಟದ ಕೆಲಸ ಎಂದು ಈಗ ಗೊತ್ತಾಯಿತು. ಅವಳ ಒಂದೊಂದು ಹೆಜ್ಜೆಗೂ ಅವನ ಎದೆ ಡವಗುಟ್ಟುತ್ತಿತ್ತು. ಅದರ ಜೊತೆಗೇ ಅದೇ ಎದೆ ಉಬ್ಬುತ್ತಲೂ ಇತ್ತು. ಎರಡೂ ಒಟ್ಟಿಗೆ ಹೇಗೆ ಹಿಡಿಸುತ್ತವೆ ಎಂದು ಅವನಿಗೆ ಅರ್ಥವಾಗಲಿಲ್ಲ.

ಒಂದು ದಿನ ಹೊಸದಾಗಿ ಸೇರಿದ ಕೆಲಸಗಾರನೊಬ್ಬ ಏಣಿಯ ಬುಡದಲ್ಲಿ ಬಿಳಿಚಿಕೊಂಡು ನಿಂತಿದ್ದ. ಹಿಂದೆಲ್ಲ ಮೇಸ್ತ್ರಿ ಅಂಥವರನ್ನು ಗದರಿಸಿ ಹತ್ತಿಸುತ್ತಿದ್ದ. ಈಗ ಹತ್ತಿರ ಹೋಗಿ, "ಹೊಟ್ಟೆಯಲ್ಲಿ ಕಲಸ್ತಿದೆಯಾ?" ಎಂದು ಕೇಳಿದ. ಅವನು ತಲೆಯಾಡಿಸಿದ. "ಒಳ್ಳೇದು. ನನಗೂ ಇಷ್ಟು ವರ್ಷ ಕಲಸಿದೆ. ಅದು ಇರೋದಕ್ಕೇ ಎರಡು ಹಗ್ಗ ಕಟ್ಟೋದು. ಕಟ್ಟಿಕೊಂಡು ನಿಧಾನಕ್ಕೆ ಹತ್ತು, ಮೇಲೆ ನನ್ನ ಮಗಳಿದ್ದಾಳೆ" ಎಂದ.

ಎಂಜಿನಿಯರ್ ಎರಡು ಲೋಟ ಟೀ ತಂದು ಒಂದನ್ನು ಅವನ ಒಳ್ಳೆಯ ಕೈಗೆ ಕೊಟ್ಟ. ಮೇಸ್ತ್ರಿ ಟೀಯನ್ನು ಒಮ್ಮೆ ಮೂಸಿ ನೋಡಿ, ಆಮೇಲೆ ಕುಡಿದ. "ಸಾರ್, ಆ ಕ್ಲಾಂಪು ಚೆನ್ನಾಗಿದೆ" ಎಂದ.

"ಅಷ್ಟೇನಾ ಮೇಸ್ತ್ರಿಗಳೇ?"

"ಅಷ್ಟೇ. ಜಾಸ್ತಿ ಹೊಗಳಿದ್ರೆ ನೀವು ತಲೆ ಮೇಲೆ ಕೂತ್ಕೋತೀರಿ."

ಎಂಜಿನಿಯರ್ ನಕ್ಕ. ಇಬ್ಬರೂ ಕಟಕಟೆಗೆ ಒರಗಿಕೊಂಡು ಮೇಲೆ ನೋಡುತ್ತ ನಿಂತರು.

ಆ ವರ್ಷ ಇಲಾಖೆಯವರು ಮಗಳನ್ನು ಕರೆದು ಎಲ್ಲ ಸೇತುವೆಗಳ ತಂಡಗಳಿಗೂ ಎರಡು ಹಗ್ಗದ ಪದ್ಧತಿ ಕಲಿಸಿಕೊಡಲು ಹೇಳಿದರು. ಅಪ್ಪನ ಭಯದಿಂದ ಹುಟ್ಟಿದ ಕಾನೂನು ಮಗಳ ಬಾಯಿಂದ ಊರೂರಿಗೆ ಹೋಯಿತು. ಅವಳು ಮೊದಲ ಪಾಠ ಹೇಳುವ ದಿನ ಮೇಸ್ತ್ರಿ ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿದ. ಪಕ್ಕದಲ್ಲಿ ಚೀಲ ಹಿಡಿದುಕೊಂಡು ಒಬ್ಬ ಅಪರಿಚಿತ ಕೂತಿದ್ದ. ಹಿಂದಿನ ಮೇಸ್ತ್ರಿಯಾಗಿದ್ದರೆ ಆ ಚೀಲದಲ್ಲಿ ಏನಿದೆಯೆಂದು ದಾರಿಯುದ್ದಕ್ಕೂ ಓರೆಗಣ್ಣಲ್ಲಿ ನೋಡುತ್ತಿದ್ದ.

"ಎಲ್ಲಿಗೆ ಹೊರಟ್ರಿ?" ಎಂದು ಆ ಮನುಷ್ಯ ಸೌಜನ್ಯಕ್ಕೆ ಕೇಳಿದ್ದೇ ತಪ್ಪಾಯಿತು.

"ನನ್ನ ಮಗಳು ಪಾಠ ಹೇಳ್ತಾಳೆ, ಕೇಳೋಕೆ" ಎಂದು ಮೇಸ್ತ್ರಿ ಶುರುಮಾಡಿದ. ತೊಟ್ಟಿಲು ಹೇಗೆ ಕುಸಿಯಿತು, ಗಿಣಿ ಹೇಗೆ ನೇತಾಡಿದ, ನಾನು ಹೇಗೆ ಹೆದರಿ ಕಲ್ಲಾದೆ, ಹೌದು ಸ್ವಾಮಿ, ನಾನೇ, ಕೈಯೇ ಬರಲಿಲ್ಲ ನೋಡಿ, ಆಗ ನನ್ನ ಮಗಳು ಹಿಂದೆ ನಿಂತು ಏನಂದಳು ಗೊತ್ತಾ ಎಂದು ದೊಡ್ಡ ದನಿಯಲ್ಲಿ ಹೇಳುತ್ತಲೇ ಹೋದ. ಮುಂದಿನ ಸೀಟಿನವರೂ ತಿರುಗಿ ಕೂತರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ಕಂಬಿಗೆ ಒರಗಿ ನಿಂತ.

"ರೀ, ಮೆಲ್ಲಗೆ. ಎಲ್ಲರೂ ನೋಡ್ತಿದ್ದಾರೆ" ಎಂದಳು ಹೆಂಡತಿ, ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡು. ಆದರೆ ಅವಳ ಕಣ್ಣೂ ಹೊಳೆಯುತ್ತಿತ್ತು.

"ನೋಡಲಿ ಬಿಡೇ" ಎಂದ ಮೇಸ್ತ್ರಿ. ಆಮೇಲೆ ಪಕ್ಕದವನಿಗೆ, "ನಿಮ್ಮ ಸ್ಟಾಪ್ ಎಲ್ಲಿ? ಹಿಂದೇನೇ ಹೋಗ್ಲಿಲ್ಲ ತಾನೇ?"

"ಹೋಗಲಿ, ವಾಪಸ್ ಬಂದ್ರಾಯ್ತು" ಎಂದ ಆ ಮನುಷ್ಯ, ಚೀಲವನ್ನು ಕಾಲ ಬಳಿ ಇಳಿಸಿ. "ನಿಮ್ಮ ಮಗಳು ಏನಂದಳು, ಅದನ್ನ ಹೇಳಿ ಮೊದಲು."